ಮೂಲಂಗಿಯ ಬೇಸಾಯವೂ ಬೀಜದ ಆಯ್ಕೆಯೂ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಉಪನ್ಯಾಸ)



ರಾಗಿ, ಭತ್ತ, ಕಬ್ಬು ಮೊದಲಾದ ದೊಡ್ಡ ಬೆಳೆಗಳ ವಿಷಯವನ್ನು ಬಿಟ್ಟು ಮೂಲಂಗಿಯ ವಿಷಯವಾಗಿ ಮಾತನಾಡಲು ನಿಂತಿರುವೆನೆಂದು ತಾವು ಆಶ್ಚರ್ಯಪಡಬಹುದು. ಮೂಲಂಗಿಯನ್ನು ಬೆಳೆಯುವುದಕ್ಕೆ ಉಪದೇಶವೇಕೆ, ಬದುವಿನ ಮೇಲೆ ಚೆಲ್ಲಿದರೂ ಬರುವುದಲ್ಲ ಎಂದು ಹಿಂದಿನ ಸಾಲಿನಲ್ಲಿ ಕುಳಿತವರೊಬ್ಬರು ಈಗಲೇ ಹೇಳುತ್ತಿರುವಂತಿದೆ. ಆ ಮಾತು ನಿಜ. ಬರುವುದೇನೋ ಬರುವುದು, ಆದರೆ ಬಂದುದು ಎಂತಹುದು ಎಂಬುದೇ ವಿಚಾರಿಸತಕ್ಕ ಸಂಗತಿ. ಒಂದು ಗಡ್ಡೆ ಬೆಂಡು, ಇನ್ನೊಂದು ಕವಲು, ಮತ್ತೊಂದು ಗಡ್ಡೆ ಕೂಡುವುದಕ್ಕೆ ಮುಂಚೆಯೇ ಹೂದಂಟನ್ನೆತ್ತಿ ನಿಂತಿರುವುದು. ಸಂತೆಗೆ ಹೊತ್ತುಕೊಂಡು ಹೋದರೆ ಕೊಳ್ಳುವವರು ಉಗುರಿನಿಂದ ಒತ್ತಿ ನೋಡಿ ಮುಂದಕ್ಕೆ ಹೋಗುವರು. ಈ ನಷ್ಟಕ್ಕೆ ಭೂಮಿಯನ್ನೂ ಮಳೆಯನ್ನೂ ದೂರುವುದು ವಾಡಿಕೆಯಾಗಿದೆ. ದೋಷದ ಬಹುಭಾಗ ನಾವು ಬಿತ್ತುವ ಬೀಜದಲ್ಲಿಯೇ ಇರುವುದೆಂದೂ, ಅದನ್ನು ಹೆಚ್ಚು ವೆಚ್ಚವಿಲ್ಲದೆ ಸರಿಪಡಿಸಬಹುದೆಂದೂ ತಮಗೆ ಅರಿಕೆ ಮಾಡುವುದೇ ಈ ದಿನದ ನನ್ನ ಉದ್ದೇಶ.

ಮೊದಲು ಈ ಗಿಡದ ಸ್ವಭಾವವನ್ನು ತಿಳಿಯೋಣ. ಮೂಲಂಗಿಯು ಸಾಸುವೆಯ ಕುಲಕ್ಕೆ ಸೇರಿದುದು. ಎಲೆಕೋಸು, ಹೂಕೋಸು, ನವಿಲುಕೋಸು ಇವೆಲ್ಲವೂ ಇದರ ದಾಯಾದಿಗಳು. ಇವೆಲ್ಲವುಗಳ ಹೂವಿಗೂ ನಾಲ್ಕು ಎಸಳುಗಳು ಶಿಲುಬೆಯ ಆಕಾರದಲ್ಲಿ ಎದುರುಬದುರಾಗಿರುವುವು. ಸಂಸ್ಕೃತದಲ್ಲಿ ಇದನ್ನು ಮೂಲಕವೆಂದು ಕರೆಯುತ್ತಾರೆ; ಬೇರೇ ಇದರ ಸರ್ವಸ್ವವಾದುದರಿಂದ ಹೆಸರು ಒಪ್ಪುತ್ತದೆ. ಬಹು ಪುರಾತನ ಕಾಲದಿಂದ ಮನುಷ್ಯರು ಇದನ್ನು ಬೆಳೆಯುತ್ತಿದ್ದಾರೆ. ಐಗುಪ್ತದೇಶದ ದೊಡ್ಡ ಪಿರಮಿಡ್ಡಿನ ಮೇಲೆ, ಅದನ್ನು ಕಟ್ಟಿದ ಕೂಲಿಗಳ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಳಿಗೆ ಎಷ್ಟು ಹಣ ವೆಚ್ಚವಾಯಿತೆಂದು ಕೆತ್ತಿದ್ದಿತೆಂದು ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ಬರೆದಿಟ್ಟಿದ್ದಾನೆ. ಹೀಗೆ ಮೈಮುರಿದು ದುಡಿಯುವ ಜನರ ಊಟದಲ್ಲಿ ಇದಕ್ಕೆ ಎಂದಿನಿಂದಲೂ ಸ್ಥಳವುಂಟು.

ಮೂಲಂಗಿಯ ಜಾತಿಗಳು ಅನೇಕವಾಗಿದ್ದರೂ ರೈತರ ಉಪಯೋಗಕ್ಕಾಗಿ ಎರಡು ಮುಖ್ಯ ವರ್ಗಗಳಾಗಿ ಹೇಳಬಹುದು. ಒಂದು ನಮ್ಮ ದೇಶದ ಮತ್ತು ಪೂರ್ವದೇಶಗಳ ಜಾತಿ. ಇನ್ನೊಂದು ಯೂರೋಪಿನ ಜಾತಿ. ಪೂರ್ವದ ಜಾತಿಯ ಗಡ್ಡೆಗಳು ಉದ್ದವಾಗಿಯೂ ದಪ್ಪವಾಗಿಯೂ ಬೆಳೆದು, ಬಿತ್ತಿದ 40ರಿಂದ 60 ದಿವಸಗಳಲ್ಲಿ ಕೀಳುವುದಕ್ಕೆ ಬರುತ್ತವೆ, ಸೆಕೆಯನ್ನೂ ತಡೆಯುತ್ತವೆ. ಪೂಸಾ ದೇಸಿ, ಪೂಸಾ ಚೇತಕಿ, ಜಪಾನೀಸ್ ವೈಟ್ ಎಂಬುವು ಈ ವರ್ಗದವು. ಇವುಗಳಲ್ಲಿ ಪೂಸಾ ಚೇತಕಿಯು ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಬಿತ್ತುವುದಕ್ಕೆ ಯೋಗ್ಯವಾದುದು. ಬೆಂಗಳೂರಿನ ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಿದ್ಧಪಡಿಸಿದ ಅರ್ಕಾ ನಿಶಾಂತ್ ಎಂಬ ತಳಿಯು ಬೆಂಡಾಗುವುದು, ಕವಲೊಡೆಯುವುದು, ಅಕಾಲದಲ್ಲಿ ಹೂದಂಟೇಳುವುದು ಎಂಬ ಮೂರು ಕೇಡುಗಳನ್ನೂ ತಡೆಯುವಂತೆ ಆರಿಸಲ್ಪಟ್ಟುದು. ಯೂರೋಪಿನ ಜಾತಿಯವು ಸಣ್ಣವು. ಕೆಂಪಾಗಿ ಗುಂಡಾಗಿರುವ ಸ್ಕಾರ್ಲೆಟ್ ಗ್ಲೋಬ್, ಬೆಳ್ಳಗೆ ನೀಳವಾಗಿರುವ ವೈಟ್ ಐಸಿಕಲ್ ಇವು 25ರಿಂದ 30 ದಿವಸಗಳಲ್ಲಿಯೇ ಸಿದ್ಧವಾಗುವುವು. ಇವಕ್ಕೆ ಚಳಿ ಬೇಕು. ಬಯಲುಸೀಮೆಯಲ್ಲಿ ಚಳಿಗಾಲದ ಹೊರತು ಬಿತ್ತಬಾರದು.

ಆಯ್ಕೆಯಿಂದ ಒಂದೇ ಗಿಡವು ಎಷ್ಟು ಬಗೆಯಾಗಬಲ್ಲುದೆಂಬುದಕ್ಕೆ ಕೆಲವು ದೃಷ್ಟಾಂತಗಳನ್ನು ಹೇಳುತ್ತೇನೆ. ಜಪಾನಿನ ಸಕುರಜಿಮಾ ಎಂಬಲ್ಲಿಯ ಮೂಲಂಗಿಯು ಕುಂಬಳಕಾಯಿಯಂತೆ ಗುಂಡಾಗಿ ಬೆಳೆಯುತ್ತದೆ. 2003ರಲ್ಲಿ ತೂಗಿದ ಒಂದು ಗಡ್ಡೆಯು 31 ಕಿಲೋಗ್ರಾಂ ದಾಟಿದ್ದಿತು. ನಮ್ಮ ದೇಶದಲ್ಲಿಯೇ ಜೌನ್‌ಪುರದ ಮೂಲಂಗಿಯು ಎರಡು ಮೂರು ಅಡಿ ಉದ್ದ ಬೆಳೆಯುವುದೆಂದು ಪ್ರಸಿದ್ಧವಾಗಿದೆ. ಉತ್ತರ ಹಿಂದೂಸ್ಥಾನದಲ್ಲಿ ಮೊಗರಿ ಎಂಬ ಮತ್ತೊಂದು ಬಗೆಯುಂಟು. ಅದಕ್ಕೆ ಗಡ್ಡೆಯೇ ಕೂಡುವುದಿಲ್ಲ, ಇಲಿಯ ಬಾಲದಂತಹ ಉದ್ದವಾದ ಎಳೆಯ ಕಾಯಿಗಳನ್ನೇ ಪಲ್ಯಕ್ಕೆ ಉಪಯೋಗಿಸುತ್ತಾರೆ. ಗಡ್ಡೆ ಬೇಕೆಂದವರು ಗಡ್ಡೆಯನ್ನೂ, ಕಾಯಿ ಬೇಕೆಂದವರು ಕಾಯಿಯನ್ನೂ ನೋಡಿ ನೋಡಿ ಬೀಜ ಹಿಡಿದುದರ ಫಲವಿದು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ಇದರ ಉಪಯೋಗಗಳು. ಹುಳಿ, ಪಲ್ಯ, ಕೋಸಂಬರಿ, ಉಪ್ಪಿನಕಾಯಿಗಳನ್ನು ನಮ್ಮ ಮನೆಗಳ ಹೆಂಗಸರಿಗೆ ನಾನು ಹೇಳಿಕೊಡಬೇಕಾದುದಿಲ್ಲ. ಆದರೆ ಒಂದು ವಿಷಯದಲ್ಲಿ ನಾವು ಕೈಯಾರ ನಷ್ಟಪಡುತ್ತಿದ್ದೇವೆ. ಗಡ್ಡೆಯಲ್ಲಿ ನೂರಕ್ಕೆ 95 ಪಾಲಿನಷ್ಟು ನೀರೇ ಇರುವುದು. ದೇಹಕ್ಕೆ ಬೇಕಾದ ಸುಣ್ಣದ ಅಂಶವೂ ಜೀವಸತ್ವಗಳೂ ಗಡ್ಡೆಯಲ್ಲಿರುವುದಕ್ಕಿಂತ ಸೊಪ್ಪಿನಲ್ಲಿ ಹಲವು ಪಾಲು ಹೆಚ್ಚಾಗಿರುವುವು. ಹೀಗಿರಲಾಗಿ ಗಡ್ಡೆಯನ್ನು ಮನೆಗೆ ತಂದು ಸೊಪ್ಪನ್ನು ತಿಪ್ಪೆಗೆ ಎಸೆಯುವುದು, ಕಾಳನ್ನು ತೂರಿ ಹೊಟ್ಟನ್ನು ಕಣಜಕ್ಕೆ ತುಂಬಿದಂತಾಗುವುದು. ಎಳೆಯ ಸೊಪ್ಪನ್ನು ಬೇಳೆಯೊಡನೆ ಬೇಯಿಸಿ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಕೊಡಬೇಕು. ಬಲಿತ ಸೊಪ್ಪನ್ನು ದನಗಳಿಗೆ ಹಾಕಬಹುದು. ಕರೆಯುವ ಹಸುವಿಗೆ ಹಾಲು ಕರೆದ ಮೇಲೆ ಮಿತವಾಗಿ ಹಾಕಿದರೆ ಹಾಲಿಗೆ ವಾಸನೆ ಬರುವುದಿಲ್ಲ. ಕಾಮಾಲೆಯ ರೋಗಕ್ಕೆ ಮೂಲಂಗಿ ಸೊಪ್ಪಿನ ರಸವನ್ನು ಕೊಡುವ ರೂಢಿಯು ಹಳ್ಳಿಗಳಲ್ಲುಂಟು. ಆಹಾರವಾಗಿ ಸೊಪ್ಪು ಒಳ್ಳೆಯದೇ. ಆದರೆ ಅದನ್ನೇ ನಂಬಿಕೊಂಡು ರೋಗಿಯನ್ನು ವೈದ್ಯರಿಗೆ ತೋರಿಸದೆ ಇರುವುದು ಪ್ರಾಣಕ್ಕೆ ಅಪಾಯಕರ.

ಬೇಸಾಯದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೂಲಂಗಿಗೆ ಮರಳು ಬೆರೆತ ಸಡಿಲವಾದ ಗೋಡುಮಣ್ಣು ಉತ್ತಮ. ಬೇರು ಕೆಳಕ್ಕೆ ಇಳಿಯುವಾಗ ಕಲ್ಲೋ ಹೆಂಟೆಯೋ ಅಡ್ಡಬಂದರೆ ಗಡ್ಡೆಯು ಕವಲೊಡೆಯುವುದು, ಇಲ್ಲವೆ ಸೊಟ್ಟಗಾಗುವುದು. ಆದಕಾರಣ ಭೂಮಿಯನ್ನು ಒಂದು ಅಡಿಯ ಆಳದವರೆಗೂ ಉತ್ತು ಪುಡಿಮಾಡಿ ಕಲ್ಲುಗಳನ್ನು ಆರಿಸಿ ತೆಗೆಯಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಎಕರೆಗೆ 8ರಿಂದ 10 ಟನ್ನಿನಷ್ಟು ಬಿತ್ತನೆಗೆ ಮುಂಚೆಯೇ ಹಾಕಿ ಮಣ್ಣಿನಲ್ಲಿ ಬೆರೆಸಬೇಕು. ಹಸಿ ಗೊಬ್ಬರವನ್ನು ಎಂದಿಗೂ ಹಾಕಬಾರದು. ಅದರಿಂದಲೂ ಗಡ್ಡೆಗಳು ಕವಲೊಡೆಯುವುವು.

ಒಂದೂವರೆ ಅಡಿಗೊಂದರಂತೆ ದಿಣ್ಣೆಗಳನ್ನು ಕಟ್ಟಿ, ಅವುಗಳ ಮೇಲೆ ಅರ್ಧ ಅಂಗುಲದಿಂದ ಒಂದು ಅಂಗುಲದ ಆಳದಲ್ಲಿ ಬೀಜವನ್ನು ಬಿತ್ತತಕ್ಕದ್ದು. ಎಕರೆಗೆ 4ರಿಂದ 5 ಕಿಲೋಗ್ರಾಂ ಬೀಜ ಸಾಕು. ಮೂರು ನಾಲ್ಕು ದಿವಸಗಳಲ್ಲಿ ಮೊಳಕೆ ಕಾಣಿಸುವುದು. ಹದಿನೈದು ದಿವಸಗಳೊಳಗಾಗಿ, ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಅಂಗುಲಗಳ ಅಂತರವಿರುವಂತೆ ಹೆಚ್ಚಿನ ಪೈರುಗಳನ್ನು ಕಿತ್ತುಬಿಡಬೇಕು. ಕೀಳುವುದಕ್ಕೆ ಮನಸ್ಸು ಬಾರದೆಂದು ಅನೇಕರು ಹೇಳುವರು. ಕಿತ್ತ ಪೈರು ಸೊಪ್ಪಾಗಿ ಮನೆಗೆ ಬರುವುದು. ಕೀಳದೆ ಬಿಟ್ಟರೆ ಸೊಪ್ಪೂ ಇಲ್ಲ, ಗಡ್ಡೆಯೂ ಇಲ್ಲ. ನೀರನ್ನು ಬೇಸಗೆಯಲ್ಲಿ ನಾಲ್ಕೈದು ದಿವಸಗಳಿಗೊಮ್ಮೆಯೂ, ಚಳಿಗಾಲದಲ್ಲಿ ಎಂಟು ಹತ್ತು ದಿವಸಗಳಿಗೊಮ್ಮೆಯೂ ತಪ್ಪದೆ ಹಾಯಿಸಬೇಕು. ಒಣಗಲು ಬಿಟ್ಟು ಆಮೇಲೆ ಒಮ್ಮೆಗೇ ನೀರು ತುಂಬಿಸಿದರೆ ಗಡ್ಡೆಗಳು ಸೀಳುವುವು.

ಎಲೆಕೋಸು ಹೂಕೋಸುಗಳನ್ನು ತೆಗೆದ ಮಡಿಯಲ್ಲಿ ಕೂಡಲೇ ಮೂಲಂಗಿಯನ್ನು ಬಿತ್ತಬಾರದು. ದಾಯಾದಿಗಳ ರೋಗವೂ ಹುಳುವೂ ಇದಕ್ಕೆ ಬರುವುವು. ಹೇನು ಬಿದ್ದರೆ ಬೇವಿನ ಬೀಜದ ಕಷಾಯವನ್ನು ಸಾಯಂಕಾಲದಲ್ಲಿ ಸಿಂಪಡಿಸುವುದು ಲೇಸು. ಸೊಪ್ಪನ್ನೂ ತಿನ್ನುವ ಬೆಳೆಯಾದುದರಿಂದ ಉಗ್ರವಾದ ವಿಷಗಳನ್ನು ಸಿಂಪಡಿಸುವುದು ಸರಿಯಲ್ಲ. ಕ್ಯಾರಟ್ಟಿನ ಬೀಜವು ಮೊಳೆಯುವುದಕ್ಕೆ ಹತ್ತು ಹದಿನೈದು ದಿವಸ ಹಿಡಿಯುವುದಾದ್ದರಿಂದ, ಅದರ ಸಾಲುಗಳಲ್ಲಿ ಅಲ್ಲಲ್ಲಿ ಮೂಲಂಗಿಯ ಬೀಜವನ್ನು ಬೆರೆಸಿದರೆ ಸಾಲು ಬೇಗ ಕಾಣಿಸಿ ಕಳೆ ತೆಗೆಯುವುದಕ್ಕೆ ಅನುಕೂಲವಾಗುವುದು. ಕ್ಯಾರಟ್ಟು ದಪ್ಪವಾಗುವಷ್ಟರಲ್ಲಿ ಮೂಲಂಗಿಯನ್ನು ಕಿತ್ತು ಮುಗಿಸಬಹುದು.

ಕೀಳುವ ಕಾಲವನ್ನು ತಪ್ಪಿಸಕೂಡದು. ಹಿಂಗಾರು ಬೆಳೆಯು ಹೊಲದಲ್ಲಿ ಒಂದು ವಾರ ಹೆಚ್ಚಾಗಿದ್ದರೂ ಕಾಯುವುದು, ಮೂಲಂಗಿಯು ಕಾಯುವುದಿಲ್ಲ. ಹದ ಮೀರಿದ ಗಡ್ಡೆ ಬೆಂಡಾಗಿ ಖಾರವೇರುವುದು. ಸೆಕೆಯಲ್ಲಂತೂ ಇದು ಬಹು ಬೇಗ ಆಗುವುದು. ಅರ್ಧ ಎಕರೆಯನ್ನು ಒಂದೇ ದಿವಸ ಬಿತ್ತಿ ಸಂತೆಗಾಗಿ ಕಾದು ಕುಳಿತುಕೊಳ್ಳುವುದಕ್ಕಿಂತ, ಹತ್ತು ದಿವಸಗಳಿಗೊಂದು ಪಾಲಿನಂತೆ ಬಿತ್ತಿದರೆ ಪ್ರತಿ ಸಂತೆಗೂ ಎಳೆಯ ಗಡ್ಡೆ ಒದಗುವುದು. ಸರಿಯಾಗಿ ನಡೆಸಿದ ಪೂರ್ವಜಾತಿಯ ಬೆಳೆಯು ಎಕರೆಗೆ 8ರಿಂದ 10 ಟನ್ನಿನವರೆಗೂ ಬರುವುದುಂಟು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ಮೂಲಂಗಿಯ ಬೀಜವನ್ನು ಹೇಗೆ ಹಿಡಿಯುತ್ತಾರೆಂಬುದನ್ನು ತಾವೆಲ್ಲರೂ ಬಲ್ಲಿರಿ. ಚೆನ್ನಾಗಿ ಬಂದ ಗಡ್ಡೆಗಳನ್ನು ಆರಿಸಿ ಆರಿಸಿ ಸಂತೆಗೂ ಮನೆಗೂ ಕಿತ್ತು ತರುತ್ತೇವೆ. ಸಣ್ಣದು, ಕವಲಾದುದು, ಬೆಂಡಾದುದು, ಎಲ್ಲಕ್ಕಿಂತ ಮೊದಲು ಹೂದಂಟನ್ನೆತ್ತಿ ಅಡಿಗೆಗೆ ಬಾರದೆ ಹೋದುದು ಇವು ಮಡಿಯಲ್ಲಿ ಉಳಿಯುವುವು. ಅವು ಹೂಬಿಟ್ಟು ಕಾಯಾದರೆ, ಅಯ್ಯೋ ವ್ಯರ್ಥವಾಗುವುದೇಕೆ ಎಂದು ಒಣಗಿಸಿ ಬೀಜವನ್ನು ಗಡಿಗೆಯಲ್ಲಿ ಕಟ್ಟಿಡುತ್ತೇವೆ. ಎಂದರೆ ಒಳ್ಳೆಯದನ್ನು ಉಂಡು ಕೆಟ್ಟದ್ದನ್ನು ಬಿತ್ತುತ್ತಿದ್ದೇವೆ. ಬೇಗ ಹೂವಿಗೇಳುವ ಗುಣವೂ ಕವಲೊಡೆಯುವ ಗುಣವೂ ತಾಯಿಯಿಂದ ಮಗುವಿಗೆ ಇಳಿಯತಕ್ಕವು. ಒಂದು ವರ್ಷ ನೂರಕ್ಕೆ ಹತ್ತು ಗಿಡ ಕೆಟ್ಟಿದ್ದರೆ, ಆ ಹತ್ತರ ಸಂತಾನವೇ ಮುಂದಿನ ವರ್ಷದ ಬೆಳೆ. ಎತ್ತಿನ ವಿಷಯದಲ್ಲಿ ಯಾವ ರೈತನಾದರೂ ಹೀಗೆ ಮಾಡುವನೇ? ಕುಂಟ ಹೋರಿಯನ್ನು ತಳಿಗೆ ಬಿಟ್ಟು ಒಳ್ಳೆಯದನ್ನು ಮಾರುವನೇ?

ಹಾಗಾದರೆ ಒಳ್ಳೆಯ ಗಡ್ಡೆಗಳನ್ನೆಲ್ಲಾ ಬೀಜಕ್ಕೆ ಬಿಟ್ಟು ಸಂತೆಗೇನು ಒಯ್ಯಬೇಕು ಎಂದು ಕೇಳುವಿರಿ. ಇದಕ್ಕೆ ಬಹು ಸುಲಭವಾದ ಉಪಾಯವುಂಟು. ಬೀಜಕ್ಕೆ ಇಡೀ ಗಡ್ಡೆ ಬೇಕಾಗಿಲ್ಲ. ಪೂರ್ವಜಾತಿಯ ಮೂಲಂಗಿಯನ್ನು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿ, ಗಡ್ಡೆ ಬಲಿತಾಗ ಎಲ್ಲವನ್ನೂ ಕಿತ್ತು ನೆಲದ ಮೇಲೆ ಹರಡಿ ನೋಡಿರಿ. ನೇರವಾದುದು, ನುಣುಪಾದುದು, ಕವಲಿಲ್ಲದುದು, ತಳಿಯ ಬಣ್ಣವೂ ಆಕಾರವೂ ಸರಿಯಾಗಿರುವುದು, ಹೂದಂಟಿನ ಸುಳಿವಿಲ್ಲದುದು ಇಂತಹವನ್ನು ಬೇರೆಯಾಗಿ ಇಡಿರಿ. ಅವುಗಳ ಕೆಳಭಾಗವನ್ನು ಕಾಲು ಪಾಲಿನಿಂದ ಅರ್ಧದವರೆಗೆ ಅಡ್ಡಲಾಗಿ ಕತ್ತರಿಸಿರಿ. ಒಳಗೆ ತಿರುಳು ಗಟ್ಟಿಯಾಗಿ ರಸಭರಿತವಾಗಿದ್ದರೆ ಅದು ಬೀಜಕ್ಕೆ ಯೋಗ್ಯ. ಬೆಂಡು ಕಂಡರೆ ಬಿಟ್ಟುಬಿಡಿರಿ. ಕತ್ತರಿಸಿ ನೋಡಿದರೆ ಇದು ಸ್ಪಷ್ಟವಾಗಿ ತಿಳಿಯುವುದು. ಕತ್ತರಿಸಿದ ಕೆಳಭಾಗ ಹುಳಿಗೆ ಹೋಗಲಿ. ಎಲೆಗಳನ್ನು ಮೂರರಲ್ಲಿ ಒಂದು ಪಾಲು ಉಳಿಯುವಂತೆ, ನಡುವಿನ ಸುಳಿಗೆ ಪೆಟ್ಟಾಗದಂತೆ ಕೊಯ್ದು, ಆ ಸೊಪ್ಪನ್ನೂ ಅಡಿಗೆಗೆ ಕೊಡಿರಿ. ಸುಳಿಯೊಡನೆ ಉಳಿದ ಮೇಲಿನ ತುಂಡನ್ನು ಎರಡು ಅಡಿಗೊಂದರಂತೆ, ಸುಳಿಯು ನೆಲದ ಮಟ್ಟಕ್ಕೆ ಇರುವಂತೆ ನೆಟ್ಟು ಕೂಡಲೇ ನೀರು ಹಾಯಿಸಿರಿ. ಅದು ಬೇರುಬಿಟ್ಟು ಚಿಗುರಿ, ದಂಟೆತ್ತಿ ಹೂಬಿಡುವುದು. ಬೇಸಗೆಯ ಮೊದಲಿನ ಒಣ ಹವೆಯಲ್ಲಿ ಕಾಯಿ ಬಲಿತು ಹಳದಿಯಾಗುವುದು.

ಮೂಲಂಗಿಯ ಹೂವಿಗೆ ತನ್ನ ಗಿಡದ ಪರಾಗವು ಒಗ್ಗುವುದಿಲ್ಲ. ಒಂದು ಗಿಡದ ಪರಾಗವನ್ನು ಮತ್ತೊಂದಕ್ಕೆ ಜೇನುನೊಣಗಳು ಒಯ್ಯಬೇಕು. ಇದರಿಂದ ಎರಡು ಎಚ್ಚರಿಕೆಗಳು ಹುಟ್ಟುತ್ತವೆ. ಮೊದಲನೆಯದು, ನಾಲ್ಕೈದು ಗಿಡಗಳಿಂದ ಬೀಜ ಹಿಡಿದರೆ ಸಂತತಿಯು ಕ್ರಮೇಣ ಬಲಗುಂದುವುದು. ಐವತ್ತಕ್ಕೆ ಕಡಿಮೆಯಿಲ್ಲದಂತೆ ಗಡ್ಡೆಗಳನ್ನು ನೆಡಬೇಕು, ನೂರಾದರೆ ಇನ್ನೂ ಲೇಸು. ಎರಡನೆಯದು, ಜೇನುನೊಣವು ಬೇಲಿಯನ್ನು ಲಕ್ಷಿಸುವುದಿಲ್ಲ. ನೆರೆಯವನ ಹೊಲದಲ್ಲಿ ಬೇಡವಾದ ಮೂಲಂಗಿಯು ಹೂಬಿಟ್ಟು ನಿಂತಿದ್ದರೆ ಅದರ ಪರಾಗವು ನಿಮ್ಮ ಆಯ್ದ ಗಿಡಕ್ಕೆ ಬರುವುದು. ಪ್ರಮಾಣಪತ್ರ ಪಡೆಯುವ ಬೀಜದ ಬೆಳೆಗೆ ಸುತ್ತಲೂ 1000 ಮೀಟರುಗಳವರೆಗೂ, ಮೂಲಬೀಜಕ್ಕೆ 1600 ಮೀಟರು, ಎಂದರೆ ಒಂದು ಮೈಲಿಯವರೆಗೂ, ಬೇರೆ ಮೂಲಂಗಿಯು ಹೂವಿನಲ್ಲಿರಕೂಡದೆಂಬ ನಿಯಮವಿರುವುದು ಇದಕ್ಕಾಗಿಯೇ. ಹೂವಿನ ಕಾಲದಲ್ಲಿ ಹಗಲು ಹೊತ್ತು ಔಷಧವನ್ನು ಸಿಂಪಡಿಸಿ ಜೇನನ್ನು ಕೊಂದರೆ ಕಾಯಿಯೇ ಕಟ್ಟುವುದಿಲ್ಲವೆಂಬುದನ್ನೂ ಮರೆಯಬಾರದು.

ಆದುದರಿಂದ ಇದು ಒಬ್ಬ ರೈತನು ತನ್ನ ಬೇಲಿಯೊಳಗೆ ಮಾಡಿ ಮುಗಿಸತಕ್ಕ ಕೆಲಸವಲ್ಲ. ಗ್ರಾಮದ ಮುಖಂಡರನ್ನು ನಾನು ವಿಶೇಷವಾಗಿ ಪ್ರಾರ್ಥಿಸುವುದು ಇಲ್ಲಿಯೇ. ಲೆಕ್ಕವನ್ನು ನೋಡಿರಿ. ಒಂದು ಗುಂಟೆಯಲ್ಲಿ ಎರಡು ಅಡಿಯ ಅಂತರದಲ್ಲಿ 270 ಗಡ್ಡೆಗಳಷ್ಟು ಹಿಡಿಯುವುವು. ಬೀಜದ ಬೆಳೆಯು ಚೆನ್ನಾಗಿ ಬಂದರೆ ಎಕರೆಗೆ 200ರಿಂದ 300 ಕಿಲೋಗ್ರಾಂ. ಗುಂಟೆಗೆ ಐದರಿಂದ ಏಳು ಕಿಲೋಗ್ರಾಂ. ಒಂದು ಎಕರೆಯ ಬಿತ್ತನೆಗೆ ಅದು ಸಾಕು. ಊರಿಗೆ ನಾಲ್ಕು ಗುಂಟೆಯ ಒಂದು ಬೀಜದ ಮಡಿಯಿದ್ದರೆ ನಾಲ್ಕು ಎಕರೆಯ ಬೀಜ ಊರಿನಲ್ಲಿಯೇ ಒದಗುವುದು. ಎಲ್ಲರೂ ಕೂಡಿ ಒಪ್ಪಿಕೊಂಡು, ಆ ಮಡಿಯ ಹೊರತು ಮತ್ತೆಲ್ಲಿಯೂ ಮೂಲಂಗಿಯನ್ನು ಹೂವಿಗೆ ಬಿಡದೆ ದಂಟೆದ್ದುದನ್ನು ಕಿತ್ತುಹಾಕಿದರೆ ಸಾಕು. ಇದಕ್ಕೆ ಹಣ ಬೇಕಿಲ್ಲ, ಒಮ್ಮನಸ್ಸು ಬೇಕು. ಒಬ್ಬನು ಒಪ್ಪದಿದ್ದರೂ ಎಲ್ಲರ ಶ್ರಮ ಹಾಳಾಗುವುದು.

ಅಂಗಡಿಯಲ್ಲಿ ಬೀಜ ದೊರೆಯುವಾಗ ಈ ತೊಂದರೆಯೇಕೆ ಎನ್ನಬಹುದು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಸಂಚಾರಕ್ಕೆ ಅಡ್ಡಿಯಾದಾಗ, ಯೂರೋಪಿನ ತರಕಾರಿಗಳ ಬೀಜವು ಬಾರದೆ, 1942-43ರ ಸುಮಾರಿನಲ್ಲಿ ಕ್ವೆಟ್ಟಾದಲ್ಲಿಯೂ ಕಾಶ್ಮೀರದಲ್ಲಿಯೂ ಅದನ್ನು ಬೆಳೆಯಲು ಮೊದಲುಮಾಡಬೇಕಾಯಿತು. ಆ ಜಾತಿಗಳು ಚಳಿಯಿಲ್ಲದೆ ಹೂಬಿಡದಿರುವುದರಿಂದ ಬೆಟ್ಟದ ಸೀಮೆಯೇ ಬೇಕಾಯಿತು. ಪೂರ್ವಜಾತಿಯ ಬೀಜವಾದರೋ ನಮ್ಮ ಬಯಲಿನಲ್ಲಿಯೇ ಆಗುವುದು. ಅಂಗಡಿಯ ಬೀಜವೆಲ್ಲ ಕೆಟ್ಟದೆಂದು ನಾನು ಹೇಳುವುದಿಲ್ಲ. ಮೊದಲು ಒಂದು ಸಲ ನಂಬಿಕೆಯುಳ್ಳ ಸ್ಥಳದಿಂದ ಒಳ್ಳೆಯ ತಳಿಯ ಬೀಜವನ್ನು ತರಲೇಬೇಕು. ಆದರೆ ಸಂಕರ ಬೀಜವೆಂದು ಮಾರುವುದರಿಂದ ಮರಳಿ ಬೀಜ ಹಿಡಿದರೆ ಅದೇ ಗುಣ ಬಾರದು. ಆಯ್ಕೆಗೆ ಸ್ಥಿರವಾದ ತಳಿಯೇ ಬೇಕು. ರೈತನು ತಾನು ಬೆಳೆದ ಬೀಜವನ್ನು ಕೂಡಿಡುವುದಕ್ಕೂ, ಬಿತ್ತುವುದಕ್ಕೂ, ನೆರೆಯವರೊಡನೆ ಬದಲಾಯಿಸುವುದಕ್ಕೂ, ವ್ಯಾಪಾರಿ ಹೆಸರನ್ನು ಹಾಕದೆ ಮಾರುವುದಕ್ಕೂ 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ಅಧಿಕಾರ ಕೊಟ್ಟಿದೆ.

ಕಾಯಿಗಳು ಹಳದಿಯಾದಾಗ ಗಿಡವನ್ನು ಕೊಯ್ದು ಕಣದಲ್ಲಿ ಗರಿಗರಿಯಾಗಿ ಒಣಗಿಸಬೇಕು. ಮೂಲಂಗಿಯ ಕಾಯಿ ಸಾಸುವೆಯಂತೆ ತಾನಾಗಿ ಸಿಡಿಯುವುದಿಲ್ಲ. ಕೋಲಿನಿಂದ ಬಡಿದೇ ಬೀಜ ತೆಗೆಯಬೇಕು. ಬೀಜವನ್ನು ಮತ್ತೆ ಒಣಗಿಸಿ ಗಾಳಿಯಾಡದ ಡಬ್ಬದಲ್ಲಿ ತಂಪಾದ ಸ್ಥಳದಲ್ಲಿಟ್ಟರೆ ಮೂರು ನಾಲ್ಕು ವರ್ಷಗಳವರೆಗೂ ಮೊಳೆಯುವ ಶಕ್ತಿ ಉಳಿಯುವುದು. ಬಿತ್ತುವುದಕ್ಕೆ ಮುಂಚೆ ನೂರು ಬೀಜಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿರಿ. ಐದಾರು ದಿವಸಗಳಲ್ಲಿ ಎಪ್ಪತ್ತಕ್ಕೆ ಕಡಿಮೆ ಮೊಳೆತರೆ ಆ ಬೀಜವನ್ನು ನಂಬಬೇಡಿರಿ.

ಹೇಳಿದುದರ ಸಾರಾಂಶವನ್ನು ಮನೆಗೆ ಒಯ್ಯುವುದಕ್ಕೆ ಅನುಕೂಲವಾಗುವಂತೆ ಮತ್ತೊಮ್ಮೆ ತಿಳಿಸುತ್ತೇನೆ:

1. ಭೂಮಿಯನ್ನು ಆಳವಾಗಿ ಉತ್ತು, ಕಳಿತ ಗೊಬ್ಬರವನ್ನೇ ಹಾಕಿರಿ.
2. ಕಾಲಕ್ಕೆ ತಕ್ಕ ತಳಿಯನ್ನು ದಿಣ್ಣೆಯ ಮೇಲೆ, ಹತ್ತು ದಿವಸಗಳಿಗೊಂದು ಪಾಲಿನಂತೆ ಬಿತ್ತಿರಿ.
3. ಪೈರನ್ನು ತೆಳುಮಾಡಿರಿ, ಸೊಪ್ಪನ್ನು ಎಸೆಯಬೇಡಿರಿ.
4. ಹದ ಮೀರದಂತೆ ಕೀಳಿರಿ.
5. ಮೊದಲು ಹೂವಿಗೆದ್ದ ಗಿಡದಿಂದ ಎಂದಿಗೂ ಬೀಜ ಹಿಡಿಯಬೇಡಿರಿ.
6. ಉತ್ತಮವಾದ ಗಡ್ಡೆಯ ಕೆಳಭಾಗವನ್ನು ಕತ್ತರಿಸಿ ಪರೀಕ್ಷಿಸಿ, ಮೇಲಿನ ಭಾಗವನ್ನು ಬೀಜಕ್ಕೆ ನೆಡಿರಿ.
7. ಊರಿಗೆ ಒಂದೇ ಬೀಜದ ಮಡಿ ಇರಲಿ.

ಮಹನೀಯರೇ, ಮೂಲಂಗಿಯು ಸಣ್ಣ ಬೆಳೆಯೇ ಸರಿ. ಆದರೆ ಐವತ್ತು ದಿವಸಗಳಲ್ಲಿ ತಪ್ಪನ್ನೂ ಒಪ್ಪನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸುವ ಬೆಳೆ ಇದಕ್ಕಿಂತ ಬೇರೊಂದಿಲ್ಲ. ಇದರಲ್ಲಿ ಬೀಜವನ್ನು ಆರಿಸಲು ಕಲಿತ ಕೈಯು ನಾಳೆ ರಾಗಿಯ ತೆನೆಯನ್ನೂ ಅವರೆಯ ಕಾಯನ್ನೂ ಆರಿಸದೆ ಬಿಡುವುದಿಲ್ಲ. ಮುಂದಿನ ಚಳಿಗಾಲದಲ್ಲಿ ಯಾವ ಊರಿನವರು ಇಂತಹ ಮಡಿಯೊಂದನ್ನು ಮಾಡುವರೋ, ಅವರ ಎರಡನೆಯ ವರ್ಷದ ಬೆಳೆಯನ್ನು ನೋಡುವುದಕ್ಕೆ ಕರೆದರೆ ನಾನು ಸಂತೋಷದಿಂದ ಬರುವೆನು.